ಜೇಬಿನ ಲೈಟರ್‌ಗೆ ತಕ್ಕ ಇಂಧನ ಯಾವುದು?

ಬೆಂಕಿಪೊಟ್ಟಣದ ಸ್ಥಾನವನ್ನು ಲೈಟರ್ ಆಕ್ರಮಿಸತೊಡಗಿ ಬಹುಕಾಲವಾಯಿತು. ಇಂದು ಅದು ಧೂಮಪಾನಿಗಳ ಜೇಬಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ದೇವರ ಮನೆಯ ಊದುಬತ್ತಿಗೂ ಅಡುಗೆಮನೆಯ ಒಲೆಗೂ ಅದನ್ನು ಬಳಸುವುದುಂಟು. 2023ರ ಜೂನ್ ತಿಂಗಳಿನಲ್ಲಿ ಕೇಂದ್ರ ಸರ್ಕಾರವು 20 ರೂಪಾಯಿಗಿಂತ ಕಡಿಮೆ ಆಮದು ಮೌಲ್ಯದ ಸಿಗರೇಟ್ ಲೈಟರ್‌ಗಳ ಆಮದನ್ನು ನಿಷೇಧಿಸಿತು. ಶಿವಕಾಶಿ, ಕೋವಿಲ್‌ಪಟ್ಟಿಗಳ ಬೆಂಕಿಕಡ್ಡಿ ಉದ್ಯಮದವರ ಬೇಡಿಕೆ ಇದರ ಹಿನ್ನೆಲೆಯಲ್ಲಿತ್ತು. ಒಮ್ಮೆ ಬಳಸಿ ಎಸೆಯುವ ಲೈಟರ್‌ಗಿಂತ ಮತ್ತೆ ಮತ್ತೆ ತುಂಬಿಸಬಹುದಾದ ಲೈಟರ್ ಮಿತವ್ಯಯಕರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರೊಳಗೆ ಏನನ್ನು ತುಂಬಿಸಬೇಕೆಂಬ ವಿಷಯದಲ್ಲಿ ಜನರಲ್ಲಿ ಸಾಕಷ್ಟು ತಪ್ಪು ತಿಳಿವಳಿಕೆ ಇದೆ.

ಹೈದರಾಬಾದಿನ ದಿಲ್‌ಸುಖ್‌ನಗರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಿಜಯವಾಡದ ಹೆದ್ದಾರಿಯ ಇಕ್ಕೆಲಗಳಲ್ಲಿ ಬೆಳೆದಿರುವ ಈ ಬಡಾವಣೆ ಅಂಗಡಿಬೀದಿಗಳಿಗೆ ಹೇಗೋ ಹಾಗೆಯೇ ತರಬೇತಿ ಸಂಸ್ಥೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ಹೆಸರಾದುದು. ಇಂತಹ ಪೇಟೆಯಲ್ಲಿ ಲೈಟರ್ ಕೊಳ್ಳುವುದು ಸುಲಭ. ಅದಕ್ಕೆಂದೇ ತಯಾರಾದ ಇಂಧನವನ್ನು ಹುಡುಕುವುದು ಅಷ್ಟು ಸುಲಭವಲ್ಲ. ಕೋಣೆಯ ಮೂಲೆಯಲ್ಲಿ 5 ಕಿಲೋಗ್ರಾಂ ತೂಕದ ಅಡುಗೆ ಅನಿಲದ ಸಿಲಿಂಡರ್ ಇರುತ್ತದೆ, ಬಾಗಿಲ ಮುಂದೆ ಪೆಟ್ರೋಲ್ ತುಂಬಿದ ದ್ವಿಚಕ್ರ ವಾಹನ ನಿಂತಿರುತ್ತದೆ. ಇವೆರಡರಿಂದ ಒಂದಿಷ್ಟು ತೆಗೆದು ಲೈಟರ್‌ಗೆ ಹಾಕಿದರೇನು ಎಂಬ ಯೋಚನೆ ಸಹಜವಾಗಿಯೇ ಬರುತ್ತದೆ. ಅಪಾಯದ ಮೂಲವೂ ಅಲ್ಲಿಯೇ ಇದೆ.

ತುಂಬಿಸಬಹುದಾದ ಲೈಟರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಬತ್ತಿಯ ಲೈಟರ್. ಅಮೆರಿಕದಲ್ಲಿ 1930ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಜಿಪ್ಪೊ ಈ ಬಗೆಗೆ ಸೇರಿದುದು. ಇದರ ಲೋಹದ ಕವಚದೊಳಗೆ ಹತ್ತಿಯನ್ನು ಒತ್ತಿ ತುಂಬಿರುತ್ತಾರೆ. ಹತ್ತಿಯು ದ್ರವವನ್ನು ಹೀರಿಟ್ಟುಕೊಂಡು ಬತ್ತಿಗೆ ಒದಗಿಸುತ್ತದೆ. ಎರಡನೆಯದು ಅನಿಲದ ಲೈಟರ್. ಇದರ ತೊಟ್ಟಿಯಲ್ಲಿರುವುದು ಒತ್ತಡದಿಂದ ದ್ರವರೂಪಕ್ಕೆ ಬಂದಿರುವ ಬ್ಯುಟೇನ್. ಗುಂಡಿ ಒತ್ತಿದಾಗ ಅದು ಆವಿಯಾಗಿ ಹೊರಬಂದು ಕಿಡಿ ತಾಗಿ ಉರಿಯುತ್ತದೆ. ಒಂದಕ್ಕೆ ಒದಗುವ ಇಂಧನ ಮತ್ತೊಂದಕ್ಕೆ ಒದಗದು. ಇಂಧನದ ಆಯ್ಕೆ ಲೈಟರ್‌ನ ರಚನೆಯಲ್ಲಿಯೇ ನಿಶ್ಚಯವಾಗಿರುತ್ತದೆ. ಬಳಕೆದಾರನಿಗೆ ಉಳಿಯುವ ಸ್ವಾತಂತ್ರ್ಯ ಅಲ್ಪವೇ.

ಅನಿಲದ ಲೈಟರ್‌ನ ವಿಷಯದಲ್ಲಿ ಆ ಸ್ವಾತಂತ್ರ್ಯವೇ ಇಲ್ಲವೆನ್ನಬೇಕು. ಬ್ಯುಟೇನ್ ಕುದಿಯುವುದು ಸೊನ್ನೆ ಡಿಗ್ರಿಗೆ ತುಸು ಕೆಳಗೆ. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ. ಈ ವ್ಯತ್ಯಾಸವು ತೊಟ್ಟಿಯೊಳಗಿನ ಒತ್ತಡದಲ್ಲಿ ಎದ್ದು ಕಾಣುತ್ತದೆ. 20 ಡಿಗ್ರಿಯಲ್ಲಿ ಬ್ಯುಟೇನ್‌ನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಎರಡರಷ್ಟಾದರೆ, ಪ್ರೊಪೇನ್‌ನದು ಎಂಟರಷ್ಟಕ್ಕೂ ಮೇಲು. 50 ಡಿಗ್ರಿಯಲ್ಲಿ ಇವು ಕ್ರಮವಾಗಿ ಸುಮಾರು 5 ಮತ್ತು 17ರಷ್ಟಾಗುತ್ತವೆ. ಅಡುಗೆ ಅನಿಲವು ಇವೆರಡರ ಮಿಶ್ರಣ. ಸಿಲಿಂಡರ್‌ನ ದಪ್ಪ ಉಕ್ಕು ಅದರ ಒತ್ತಡವನ್ನು ತಾಳಿಕೊಳ್ಳುವಂತೆ ರಚಿತವಾಗಿದೆ. ಬ್ಯುಟೇನ್‌ಗೆಂದು ಮಾಡಿದ ಲೈಟರ್‌ನ ಪ್ಲಾಸ್ಟಿಕ್ ತೊಟ್ಟಿಯೂ ರಬ್ಬರ್ ಬಿಲ್ಲೆಯೂ ಹಾಗಲ್ಲ. ಜ್ವಾಲೆ ಒಮ್ಮೆಲೇ ಎತ್ತರಕ್ಕೆ ಚಿಮ್ಮಬಹುದು, ಅನಿಲ ಸೋರಬಹುದು, ತೊಟ್ಟಿಯೇ ಒಡೆಯಬಹುದು. ಹೈದರಾಬಾದಿನಲ್ಲಿ ಮೇ ತಿಂಗಳ ಹಗಲಿನ ಉಷ್ಣತೆ 40 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಬಿಸಿಲಿನಲ್ಲಿ ನಿಂತ ವಾಹನದ ಡಿಕ್ಕಿಯೊಳಗೆ ಅದು ಇನ್ನೂ ಹೆಚ್ಚು. ಕಲಬುರಗಿ, ರಾಯಚೂರುಗಳ ಬೇಸಿಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಸಂಗತಿ. ಸಿಲಿಂಡರ್‌ನಿಂದ ಲೈಟರ್‌ಗೆ ಅನಿಲವನ್ನು ಇಳಿಸಲು ಸರಿಯಾದ ಜೋಡಣೆ ಎಂಬುದು ಇಲ್ಲ. ಕೊಳವೆಯನ್ನು ಕೈಯಲ್ಲಿ ಹಿಡಿದು ಮಾಡುವ ಈ ಸಾಹಸದಲ್ಲಿ ಲೈಟರ್‌ಗೆ ಸೇರುವುದಕ್ಕಿಂತ ಕೋಣೆಗೆ ಸೇರುವ ಅನಿಲವೇ ಹೆಚ್ಚು. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ವಿದ್ಯುತ್ ಸ್ವಿಚ್ಚಿನ ಒಂದು ಕಿಡಿ ಅದಕ್ಕೆ ಸಾಕು. ಗೃಹಬಳಕೆಯ ಸಿಲಿಂಡರ್‌ನಿಂದ ಬೇರೊಂದು ಪಾತ್ರೆಗೆ ಅನಿಲವನ್ನು ವರ್ಗಾಯಿಸುವುದು ಕಾನೂನಿಗೂ ವಿರುದ್ಧವಾದುದು. ಸುಗಂಧ ಸಿಂಪಡಿಕೆಯ ಡಬ್ಬಿಗಳಲ್ಲಿಯೂ ಇಂತಹುದೇ ಅನಿಲವಿರುತ್ತದೆಂದು ಅರಿತು ಅದನ್ನು ತುಂಬಿಸಲು ಯತ್ನಿಸುವವರಿದ್ದಾರೆ. ಅದರಲ್ಲಿನ ಇತರ ದ್ರವಗಳು ಕವಾಟವನ್ನು ಕಟ್ಟಿಸುವುದಲ್ಲದೆ ಬೇರೇನನ್ನೂ ಸಾಧಿಸುವುದಿಲ್ಲ. ಲೈಟರ್‌ಗೆಂದೇ ಮಾರುವ ಶುದ್ಧೀಕರಿಸಿದ ಬ್ಯುಟೇನ್ ಡಬ್ಬಿಯೊಂದೇ ಇಲ್ಲಿ ಯೋಗ್ಯವಾದುದು.

ಬತ್ತಿಯ ಲೈಟರ್ ಇಷ್ಟು ಕಟ್ಟುನಿಟ್ಟಿನದಲ್ಲ. ಅದಕ್ಕೆ ನಿಗದಿಯಾದ ಇಂಧನವು ಹಗುರವಾದ, ಶುದ್ಧೀಕರಿಸಿದ ನಾಫ್ತಾ. ಸೊನ್ನೆ ಡಿಗ್ರಿಗಿಂತ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುವುದರಿಂದ ಚಕಮಕಿಯ ಸಣ್ಣ ಕಿಡಿಗೂ ಅದು ಉರಿಯುತ್ತದೆ. ಪೆಟ್ರೋಲ್‌ಗೂ ಈ ಗುಣವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರು ವಾಹನದ ಪೆಟ್ರೋಲನ್ನೇ ಲೈಟರ್‌ಗೆ ತುಂಬಿಸಿಕೊಳ್ಳುತ್ತಿದ್ದರು. ಆದರೂ ಅದನ್ನು ಉತ್ತಮ ಬದಲಿಯೆಂದು ಹೇಳಲಾಗದು. ಕ್ಯಾನ್ಸರ್‌ಕಾರಕವಾದ ಬೆಂಜೀನ್ ಅದರಲ್ಲಿ ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಲೈಟರನ್ನು ಹಿಡಿಯುವುದು ಬರಿಗೈಯಲ್ಲಿ, ಉರಿಸುವುದು ಮುಖದ ಸಮೀಪದಲ್ಲಿ ಎಂಬುದನ್ನು ಮರೆಯಲಾಗದು. ದೇಶದಲ್ಲಿ ಈಗ ಮಾರಾಟವಾಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಸೇರಿರುತ್ತದೆ. ಅದು ನೀರಿನ ಅಂಶವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ವಾಸನೆಯ ಮಾತಂತೂ ಬೇರೆಯೇ.

ಸೀಮೆಎಣ್ಣೆ ಇದಕ್ಕೆ ಒಗ್ಗುವುದಿಲ್ಲ. ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳಬೇಕಾದರೆ ಕನಿಷ್ಠ 35 ಡಿಗ್ರಿ ಉಷ್ಣತೆ ಬೇಕು. ದಿಲ್‌ಸುಖ್‌ನಗರದ ಮೇ ತಿಂಗಳ ಮಧ್ಯಾಹ್ನದಲ್ಲಿ ಹೇಗೋ ಹೊತ್ತಿಕೊಂಡೀತು, ಆದರೆ ಬೆಳಕಿಗಿಂತ ಮಸಿಯೇ ಹೆಚ್ಚಾದೀತು. ಅದಕ್ಕೆ ಪೆಟ್ರೋಲ್ ಬೆರೆಸಿ ಹಗುರಗೊಳಿಸುವ ಉಪಾಯವನ್ನು ಎಂದಿಗೂ ಮಾಡಕೂಡದು. ಆ ಮಿಶ್ರಣ ಉಳಿದು, ಅರಿಯದವರ ಕೈಯಿಂದ ದೀಪಕ್ಕೋ ಒಲೆಗೋ ಸೇರಿದರೆ ಪ್ರಾಣಕ್ಕೇ ಎರವಾಗುತ್ತದೆ. ಮದ್ಯಸಾರವು ಉರಿಯುತ್ತದೆಯಾದರೂ ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಕಾಣದ ಬೆಂಕಿ ಕಾಣುವ ಬೆಂಕಿಗಿಂತ ಕೆಟ್ಟದ್ದು. ಬಣ್ಣಕ್ಕೆ ಬೆರೆಸುವ ಥಿನ್ನರ್‌ನ ಆವಿ ವಿಷಕಾರಿ.

ಇಂಧನ ಸರಿಯಿದ್ದರೂ ತುಂಬಿಸುವ ಕ್ರಮ ತಪ್ಪಬಾರದು. ಒಲೆ, ದೀಪಗಳಿಂದ ದೂರವಾಗಿ, ಗಾಳಿಯಾಡುವ ತಾರಸಿಯಲ್ಲೋ ಅಂಗಳದಲ್ಲೋ ಇದನ್ನು ಮಾಡಬೇಕು. ಅನಿಲದ ಲೈಟರ್ ಆದರೆ ಮೊದಲು ತುಂಬುವ ಕವಾಟವನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಒತ್ತಿ ಒಳಗಿನ ಗಾಳಿಯನ್ನು ಹೊರಬಿಡಬೇಕು. ಲೈಟರನ್ನು ತಲೆಕೆಳಗಾಗಿ ಹಿಡಿದು, ಡಬ್ಬಿಯನ್ನು ಅದರ ಮೇಲೆ ನೇರವಾಗಿ ಒತ್ತಬೇಕು. ತೊಟ್ಟಿ ಪೂರ್ತಿಯಾಗಿ ತುಂಬಬಾರದು; ಐಎಸ್‌ಓ 9994 ಎಂಬ ಅಂತರರಾಷ್ಟ್ರೀಯ ಮಾನಕವು ದ್ರವವು ತೊಟ್ಟಿಯ ಶೇಕಡಾ 85ನ್ನು ಮೀರಬಾರದೆಂದು ವಿಧಿಸಿದೆ. ಬಿಸಿಲಿಗೆ ಹಿಗ್ಗುವ ದ್ರವಕ್ಕೆ ಉಳಿದ ಜಾಗ ಬೇಕು. ತುಂಬಿಸಿದ ಮೇಲೆ ಕೆಲವು ನಿಮಿಷ ಬಿಟ್ಟು, ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡು ಹೊತ್ತಿಸಬೇಕು. ಬತ್ತಿಯ ಲೈಟರ್‌ನಲ್ಲಿ ಹತ್ತಿ ನೆನೆದರೆ ಸಾಕು, ತೊಟ್ಟಿಕ್ಕಬಾರದು. ಕೈಗೆ ದ್ರವ ತಗುಲಿದ್ದರೆ ಸೋಪಿನಿಂದ ತೊಳೆದು ಒರೆಸಿಕೊಂಡ ನಂತರವೇ ಕಿಡಿ ಹೊಡೆಯಬೇಕು. ಬಟ್ಟೆಯ ಮೇಲೆ ಚೆಲ್ಲಿದ್ದರೆ ಬಟ್ಟೆ ಬದಲಿಸುವುದು ಲೇಸು.

ಸುಟ್ಟ ಗಾಯವಾದರೆ ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಮುಂತಾದುವನ್ನು ಹಚ್ಚಬಾರದು. ಗಾಯ ದೊಡ್ಡದಾಗಿದ್ದರೆ ಅಥವಾ ಮುಖಕ್ಕೆ ಆಗಿದ್ದರೆ ತೆಲಂಗಾಣದಲ್ಲಿಯೂ ಕರ್ನಾಟಕದಲ್ಲಿಯೂ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಕರೆಸಿಕೊಳ್ಳಬಹುದು.

ಶಂಷಾಬಾದಿನಿಂದ ವಿಮಾನದಲ್ಲಿ ಪ್ರಯಾಣಿಸುವವರು ಲೈಟರನ್ನು ಮನೆಯಲ್ಲಿಯೇ ಬಿಟ್ಟು ಹೊರಡಬೇಕು. ಅದನ್ನು ಕೈಚೀಲದಲ್ಲಾಗಲಿ ಸಾಮಾನಿನ ಪೆಟ್ಟಿಗೆಯಲ್ಲಾಗಲಿ ಒಯ್ಯಲು ಅನುಮತಿಯಿಲ್ಲ.