ಮಂಗನ ಕಾಯಿಲೆ: ಹೆಸರೂ ನಿದಾನವೂ

ಷಷ್ಠೀವಿಭಕ್ತಿಯು ಸಂಬಂಧವನ್ನು ಹೇಳುವುದೇ ಹೊರತು ಆ ಸಂಬಂಧವು ಎಂತಹದೆಂಬುದನ್ನು ತಾನಾಗಿ ಹೇಳದು. ‘ಹಾವಿನ ವಿಷ’ ಎಂದಲ್ಲಿ ಹಾವು ವಿಷಕ್ಕೆ ಮೂಲ. ‘ಕಣ್ಣಿನ ನೋವು’ ಎಂದಲ್ಲಿ ಕಣ್ಣು ನೋವಿಗೆ ಆಶ್ರಯ. ‘ಮಂಗನ ಕಾಯಿಲೆ’ ಎಂಬ ಮಲೆನಾಡಿನ ಮಾತಿನಲ್ಲಿ ಯಾವ ಅರ್ಥವನ್ನು ಹಿಡಿಯತಕ್ಕದ್ದು? ನಿಡಸೋಸಿಯಂತಹ ಬಯಲುನಾಡಿನ ಊರುಗಳಲ್ಲಿದ್ದು ಈ ರೋಗವನ್ನು ಹೆಸರಿನಿಂದ ಮಾತ್ರ ಬಲ್ಲವರು ಮಂಗನೇ ರೋಗಮೂಲವೆಂದು ಭಾವಿಸುವುದು ಸಹಜ. ಆದರೆ ಸಂಶೋಧನೆಯ ಚರಿತ್ರೆಯು ಎರಡನೆಯ ಅರ್ಥವನ್ನೇ ಸಮರ್ಥಿಸುತ್ತದೆ.

1957ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೆಂಪುಮೋರೆಯ ಕೋತಿಗಳೂ ಸಾಯತೊಡಗಿದುವು; ಸುತ್ತಲಿನ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿದ್ವಾಂಸರು ಶೋಧನೆಗೆ ತೊಡಗಿದರು. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಬಾಧಿಸುವ ಪೀತಜ್ವರವು ಭಾರತಕ್ಕೆ ಬಂದಿತೋ ಎಂಬುದೇ ಮೊದಲ ಶಂಕೆ. ರೋಗಿಗಳ ರಕ್ತದಿಂದಲೂ ಸತ್ತ ಮಂಗಗಳ ಅಂಗಾಂಶದಿಂದಲೂ ಬೇರ್ಪಡಿಸಿದ ವೈರಸ್ಸು ಆ ಶಂಕೆಯನ್ನು ಪರಿಹರಿಸಿತು. ಅದು ರಷ್ಯ ದೇಶದಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಬಂಧುವಾಗಿದ್ದಿತು. ಈ ಬಂಧುತ್ವವೇ ಶೋಧಕರ ದೃಷ್ಟಿಯನ್ನು ಕಾಡಿನ ಉಣ್ಣೆಗಳ ಕಡೆಗೆ ತಿರುಗಿಸಿತು.

ಹೀಮಫೈಸಾಲಿಸ್ ಸ್ಪಿನಿಜೆರ ಎಂಬ ಉಣ್ಣೆಯು ಮುಖ್ಯ ವಾಹಕವೆಂದು ಮುಂದೆ ಸಿದ್ಧವಾಯಿತು. ಇದಕ್ಕೆ ಮರಿ, ಎಳೆಯುಣ್ಣೆ, ಬಲಿತ ಉಣ್ಣೆ ಎಂಬ ಮೂರು ಅವಸ್ಥೆಗಳುಂಟು. ಒಂದು ಅವಸ್ಥೆಯಲ್ಲಿ ಹೊಕ್ಕ ವೈರಸ್ಸು ಮುಂದಿನ ಅವಸ್ಥೆಯಲ್ಲಿಯೂ ಉಳಿಯುತ್ತದೆ. ಮಳೆಗಾಲ ಕಳೆದ ಮೇಲೆ ಮರಿಗಳು ಹೆಚ್ಚುವುವು. ಬಳಿಕ ಬೇಸಗೆಯ ತನಕ ಎಳೆಯುಣ್ಣೆಗಳು ಎಲೆದರಗಿನ ಮೇಲೆ ಹೊಂಚುವುವು. ಸೌದೆಗೂ ಸೊಪ್ಪಿಗೂ ಜನರು ಕಾಡು ಹೊಗುವುದು ಆ ಕಾಲದಲ್ಲಿಯೇ ಆದುದರಿಂದ ಡಿಸೆಂಬರಿನಿಂದ ಮೇ ತಿಂಗಳವರೆಗೆ ರೋಗವು ಪ್ರಬಲವಾಗಿರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಅದು ಹರಡದು. ಮಂಗನಾದರೋ ವೈರಸ್ಸನ್ನು ರಕ್ತದಲ್ಲಿ ಬೆಳೆಯಿಸಿ ಉಣ್ಣೆಗಳಿಗೆ ಒದಗಿಸುವುದುಂಟು. ಆದರೆ ತಾನೂ ಅದಕ್ಕೆ ಬಲಿಯಾಗುತ್ತದೆ. ಅದು ಸತ್ತು ಬಿದ್ದಾಗ ಉಣ್ಣೆಗಳು ಕಳೇಬರವನ್ನು ಬಿಟ್ಟು ನೆಲಕ್ಕಿಳಿಯುವುದರಿಂದ ಆ ಸ್ಥಳವು ಅಪಾಯಕರವಾಗುತ್ತದೆ.

ಹೋರ್ಹೆ ಬೊಶೆಲ್ ಎಂಬ ವಿದ್ವಾಂಸನು 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮನುಷ್ಯನ ಪಾತ್ರವನ್ನೂ ವಿಚಾರಿಸಿದ್ದಾನೆ. ಕಾಡನ್ನು ಕಡಿದು ಗದ್ದೆ ಮಾಡಿ, ಉಳಿದ ಕಾಡಿನಲ್ಲಿ ದನಗಳನ್ನು ಮೇಯಿಸಿದುದರಿಂದ ಬಲಿತ ಉಣ್ಣೆಗಳಿಗೆ ಆಹಾರವು ಸುಲಭವಾಗಿ, ಅವುಗಳ ಸಂತತಿಯು ಬೆಳೆಯಿತೆಂಬುದು ಅವನ ವಾದ.

ಇನ್ನು ದೇಹದೊಳಗಿನ ವ್ಯಾಪಾರ. ಕ್ಯಾಸನೂರಿನ ವೈರಸ್ಸು ದೊರೆತ 1957ರಲ್ಲಿಯೇ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬವರು ಇಂಟರ್‌ಫೆರಾನ್ ಎಂಬ ದ್ರವ್ಯವನ್ನು ಕಂಡುಹಿಡಿದರು. ವೈರಸ್ಸು ಹೊಕ್ಕ ಜೀವಕೋಶವು ಇದನ್ನು ಹೊರಸೂಸುತ್ತದೆ. ನೆರೆಯ ಕೋಶವು ತನ್ನ ಹೊರಪೊರೆಯಲ್ಲಿ ಅದನ್ನು ಗ್ರಹಿಸುತ್ತದೆ. ಆ ಸಂದೇಶವು ಒಂದು ಪ್ರೋಟೀನಿನಿಂದ ಮತ್ತೊಂದಕ್ಕೆ ದಾಟಿ ಕೋಶಕೇಂದ್ರವನ್ನು ಮುಟ್ಟಿದೊಡನೆ ರಕ್ಷಣೆಯ ಜೀನುಗಳು ಎಚ್ಚರುವುವು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ, ಕ್ಯಾಸನೂರಿನ ವೈರಸ್ಸಿನ ಎನ್‌ಎಸ್5 ಎಂಬ ಪ್ರೋಟೀನು ಈ ರಕ್ಷಣೆಯನ್ನು ತಡೆಯುವುದೆಂದು ತಿಳಿದುಬಂದಿತು. ವೈರಸ್ಸಿನ ಆರ್‌ಎನ್‌ಎಯನ್ನು ಪ್ರತಿಮಾಡುವುದೂ ಇದೇ ಪ್ರೋಟೀನು. ಶ್ಲೇಷೆಯಲ್ಲಿ ಒಂದೇ ಶಬ್ದವು ಎರಡು ಅರ್ಥಗಳನ್ನು ಹೊರುವಂತೆ, ಅತ್ಯಲ್ಪ ಸಾಮಗ್ರಿಯುಳ್ಳ ಈ ವೈರಸ್ಸು ಒಂದೇ ಪ್ರೋಟೀನಿನಿಂದ ಎರಡು ಕಾರ್ಯಗಳನ್ನು ಸಾಧಿಸುತ್ತದೆ.

ಇಷ್ಟು ತಿಳಿದರೂ ಚಿಕಿತ್ಸೆಯು ಲಕ್ಷಣಗಳ ಉಪಚಾರವನ್ನು ದಾಟಿಲ್ಲ. ಫಾರ್ಮಲಿನ್ನಿನಿಂದ ನಿಷ್ಕ್ರಿಯಗೊಳಿಸಿದ ಹಳೆಯ ಲಸಿಕೆಯು ಸಾಕಷ್ಟು ರಕ್ಷಣೆ ಕೊಡದೆಂದು ಕಂಡುಬಂದುದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಅದು ಕಾರಣ ಉಣ್ಣೆಯಿಂದ ಮೈಯನ್ನು ಕಾಯ್ದುಕೊಳ್ಳುವುದೂ ಕಾಡಿನ ಮುನ್ಸೂಚನೆಯನ್ನು ಅರಿಯುವುದೂ ಈಗಲೂ ಮುಖ್ಯ. ಮುನ್ಸೂಚನೆಯೆಂದರೆ ಮಂಗನ ಸಾವೇ.

ಹೀಗಿರಲು ಶಬ್ದಾರ್ಥನಿರ್ಣಯವು ಇಲ್ಲಿ ಕೇವಲ ಪಾಂಡಿತ್ಯದ ವಿನೋದವಲ್ಲ. ಮಂಗನನ್ನು ರೋಗಮೂಲವೆಂದು ಬಗೆದವನು ಅದನ್ನು ಅಟ್ಟುವನು, ಕೊಲ್ಲುವನು. ಅದು ರೋಗಕ್ಕೆ ಆಶ್ರಯವೆಂದು ತಿಳಿದವನು ಸತ್ತ ಮಂಗನನ್ನು ಮುಟ್ಟದೆ, ಕೂಡಲೆ ಆರೋಗ್ಯಾಧಿಕಾರಿಗಳಿಗೆ ತಿಳಿಸುವನು. ಪಾಠಶಾಲೆಯಲ್ಲಿ ಷಷ್ಠಿಯನ್ನು ಬೋಧಿಸುವವರಿಗೆ ಇದಕ್ಕಿಂತ ಪ್ರಯೋಜನಕರವಾದ ಉದಾಹರಣೆಯು ದೊರೆಯುವುದು ದುರ್ಲಭ.