ಆರರಿಂದ ಹನ್ನೆರಡರವರೆಗೆ

ಹಾಲುಹಲ್ಲು ಬೀಳತೊಡಗುವ ಆರನೆಯ ವರ್ಷದಿಂದ ಹನ್ನೆರಡರವರೆಗಿನ ಕಾಲದಲ್ಲಿ ಮಗುವಿನ ಬುದ್ಧಿ ಹೊಸ ದಾರಿ ಹಿಡಿಯುತ್ತದೆ. ಮನೆಯಲ್ಲೇ ಪರೀಕ್ಷಿಸಿ ನೋಡಿ. ಅಗಲವಾದ ಬಟ್ಟಲಿನ ನೀರನ್ನು ಮಗುವಿನೆದುರೇ ಎತ್ತರದ ಲೋಟಕ್ಕೆ ಸುರಿಯಿರಿ. ಐದು ವರ್ಷದ ಮಗು ಸಾಮಾನ್ಯವಾಗಿ ‘ನೀರು ಹೆಚ್ಚಾಯಿತು’ ಎನ್ನುತ್ತದೆ. ಎಂಟು ವರ್ಷದ್ದು ‘ಅಷ್ಟೇ ಇದೆ’ ಎಂದು ನಗುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ವಿವರಿಸಿದ ಬದಲಾವಣೆ ಇದು. ಮಗು ಈಗ ತೂಗಿ ನೋಡಬಲ್ಲದು.

ತನ್ನನ್ನೂ ಅದು ಇತರರೊಡನೆ ತೂಗಿಕೊಳ್ಳುತ್ತದೆ. ಆದುದರಿಂದ ‘ದಡ್ಡ’ ಎಂಬ ಮಾತು ಈ ವಯಸ್ಸಿನಲ್ಲಿ ಆಳಕ್ಕಿಳಿಯುತ್ತದೆ. ಮನೆಮಾತೇ ಬೇರೆಯಾದ ಮಗುವಿಗಂತೂ ಈ ಅಪಾಯ ಹೆಚ್ಚು. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ ನಾಗರಹೊಳೆ ಕಾಡಿನ ಅಂಚಿನಲ್ಲಿದೆ. ಈ ಸೀಮೆಯ ಹಾಡಿಗಳ ಜೇನುಕುರುಬರಿಗೆ ತಮ್ಮದೇ ನುಡಿಯುಂಟು. ಹಾಡಿಯಿಂದ ಬಂದ ಮಗು ಪಠ್ಯಪುಸ್ತಕದ ಕನ್ನಡದ ಮುಂದೆ ಸುಮ್ಮನೆ ಕುಳಿತರೆ ದಡ್ಡತನವೆಂದು ತಿಳಿಯಬಾರದು. ಅದಕ್ಕೆ ಗೊತ್ತಿರುವುದನ್ನು ಅದರ ಮಾತಿನಲ್ಲೇ ಕೇಳಿದರೆ ಬಾಯಿ ತೆರೆದೀತು.

ಪಟ್ಟಣದ ನಿಮ್ಮ ಮನೆಗೂ ಇದೇ ನ್ಯಾಯ. ಲೆಕ್ಕದಲ್ಲಿ ಹಿಂದಾದ ಮಗುವಿನ ಕೈಗೆ ಅಂಗಡಿಯ ಚಿಲ್ಲರೆ ಎಣಿಸಲು ಕೊಡಿ. ಸರಿಯಾಗಿ ಮಾಡಿದ್ದು ಇಂಥದೆಂದು ಹೆಸರಿಸಿ ಮೆಚ್ಚಿ. ಹೋಲಿಕೆ ಬೇಕೇಬೇಕಾದರೆ ಅಣ್ಣನೊಡನೆ ಬೇಡ. ಹೋದ ತಿಂಗಳು ಅದೇ ಮಗು ಮಾಡಿದ ಕೆಲಸದೊಡನೆ ಹೋಲಿಸಿ ತೋರಿಸಿ.