ಹಲಗೆ ಹೊತ್ತು ಸಾಗುವ ಮೇಜು

ಅಡುಗೆಮನೆಯ ಹೊಸ ಕಪಾಟಿನ ಎರಡು ಬಾಗಿಲುಗಳ ನಡುವೆ ಮೇಲೆ ಕೂದಲೆಳೆಯಷ್ಟು ಸಂದು, ಕೆಳಗೆ ಬೆರಳು ತೂರುವಷ್ಟು. ಮನೆಯವರು ಹಿಂಜನ್ನು ಬೈಯುತ್ತಾರೆ, ಕೂರಿಸಲು ಬಂದವರು ಗೋಡೆಯನ್ನು ದೂರುತ್ತಾರೆ. ಎಷ್ಟೋ ಸಲ ತಪ್ಪು ಹುಟ್ಟಿರುವುದು ಅದಕ್ಕೂ ಮೊದಲೇ, ಪ್ಲೈವುಡ್ ಕೊಯ್ದ ವರ್ಕ್‌ಶಾಪಿನಲ್ಲಿ. ಅಲ್ಲಿನ ಪ್ಯಾನೆಲ್ ಸಾ ಯಂತ್ರದ ಜಾರು ಮೇಜು ದಾರಿ ತಪ್ಪಿದರೆ ಹಲಗೆಯ ನಾಲ್ಕು ಮೂಲೆಗಳೂ ಕೆಡುತ್ತವೆ.

ಈ ಯಂತ್ರದ ತವರು ಜರ್ಮನಿ. 1906ರಲ್ಲಿ ಬರ್ಲಿನ್‌ನಲ್ಲಿ ಉದ್ಯಮ ಆರಂಭಿಸಿದ ವಿಲ್ಹೆಲ್ಮ್ ಆಲ್ಟೆಂಡಾರ್ಫ್ ಹೆಸರಿನೊಂದಿಗೆ ಇದರ ಇತಿಹಾಸ ಬೆಸೆದುಕೊಂಡಿದೆ. ಸಾಮಾನ್ಯ ಟೇಬಲ್ ಗರಗಸದಲ್ಲಿ ಹಲಗೆಯ ಅಂಚನ್ನು ಫೆನ್ಸಿಗೆ, ಅಂದರೆ ಒರಗು ಕೊಡುವ ನೇರ ಪಟ್ಟಿಗೆ, ಒತ್ತಿ ತಳ್ಳಬೇಕು. ಆ ಅಂಚು ಡೊಂಕಾಗಿದ್ದರೆ ಕೊಯ್ತವೂ ಡೊಂಕು. ಜಾರು ಮೇಜಿನ ಮೇಲೆ ಹಲಗೆಯನ್ನು ಬಿಗಿದರೆ ಮೇಜೇ ಅದನ್ನು ಬ್ಲೇಡಿನ ಪಕ್ಕ ನೇರವಾಗಿ ಒಯ್ಯುತ್ತದೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಹಾಳೆಯನ್ನು ಒಬ್ಬರೇ ನಿಭಾಯಿಸಬಹುದು.

ಕೊಯ್ತ ಕೆಟ್ಟಾಗ ಹಲವರು ಮೊದಲು ಕೈ ಹಾಕುವುದು ಫೆನ್ಸಿಗೆ. ಅದು ತಿರುವುಮುರುವು ಕ್ರಮ. ಈ ಯಂತ್ರದಲ್ಲಿ ಉಳಿದೆಲ್ಲಕ್ಕೂ ಆಧಾರ ಮೇಜು ಸಾಗುವ ದಾರಿ. ಮೊದಲು ಹಳಿ ಮತ್ತು ರೋಲರ್‌ಗಳಿಗೆ ಅಂಟಿದ ಮರದ ಪುಡಿ ಒರೆಸಬೇಕು, ಆಮೇಲೆ ಮೇಜಿನ ಮಟ್ಟ, ಆಮೇಲೆ ಬ್ಲೇಡಿಗೆ ಅದರ ಸಮಾನಾಂತರ, ಕೊನೆಗೆ ಮೇಜಿನ ಮೇಲಿನ ಅಡ್ಡ ಫೆನ್ಸಿನ ಮೂಲೆ, ಅಂದರೆ ಅದು ಬ್ಲೇಡಿಗೆ ಲಂಬವಾಗಿದೆಯೇ ಎಂಬುದು. ಹಿಂದಿನ ಹಂತ ಸರಿಹೋಗದೆ ಮುಂದಿನದನ್ನು ತಿದ್ದಿದರೆ ಮತ್ತೆ ಮೊದಲಿನಿಂದ ಶುರು.

ಸಮಾನಾಂತರ ನೋಡಲು ವಿದ್ಯುತ್ ಸಂಪರ್ಕ ತೆಗೆದು ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕುತ್ತಾರೆ. ಮೇಜಿಗೆ ಸೂಕ್ಷ್ಮ ಅಂತರ ಅಳೆಯುವ ಡಯಲ್ ಗೇಜ್ ಕಟ್ಟಿ ಆ ಹಲ್ಲನ್ನು ಮುಂದೆ ಅಳೆದು, ಬ್ಲೇಡ್ ತಿರುಗಿಸಿ ಅದೇ ಹಲ್ಲನ್ನು ಹಿಂದೆ ಅಳೆಯುತ್ತಾರೆ. ಒಂದೇ ಹಲ್ಲು ಯಾಕೆಂದರೆ, ಬ್ಲೇಡ್ ತುಸು ಬಾಗಿದ್ದರೂ ಲೆಕ್ಕ ಕೆಡುವುದಿಲ್ಲ. ಬ್ಲೇಡಿನ ಹಿಂಭಾಗ ಮೇಜಿನ ಕಡೆಗೆ ಒರಗಿದ್ದರೆ ಹಿಂದಿನ ಹಲ್ಲುಗಳು ಕೊಯ್ದ ಅಂಚನ್ನು ಮತ್ತೆ ಉಜ್ಜುತ್ತವೆ. ಅಂಚು ಸುಡುತ್ತದೆ, ಅಡ್ಡಗೀರು ಬೀಳುತ್ತದೆ. ಅದಕ್ಕೆ ಹಿಂಭಾಗವನ್ನು 0.05ರಿಂದ 0.1 ಮಿ.ಮೀ.ನಷ್ಟು ದೂರ ಇಡುವುದು ವಾಡಿಕೆ.

ಮೂಲೆಯ ಪರೀಕ್ಷೆಯೇ ಈ ಕಸುಬಿನ ಜಾಣತನ. ಮೂಲೆಮಟ್ಟವನ್ನೇ ನಂಬಿದರೆ ಅದರ ದೋಷವೂ ನಮ್ಮದಾಗುತ್ತದೆ. ಬದಲಿಗೆ ಒಂದು ಹಲಗೆಯನ್ನು ಐದು ಸಲ ಕೊಯ್ಯುತ್ತಾರೆ: ಪ್ರತಿ ಸಲ ಹೊಸದಾಗಿ ಕೊಯ್ದ ಅಂಚನ್ನು ಫೆನ್ಸಿಗೆ ಒರಗಿಸಿ, ಒಂದೇ ದಿಕ್ಕಿಗೆ ತಿರುಗಿಸುತ್ತಾ. ಐದನೆಯ ಕೊಯ್ತದಲ್ಲಿ ಬಿದ್ದ ಸಣ್ಣ ಪಟ್ಟಿಯ ಎರಡೂ ತುದಿಗಳ ಅಗಲ ಅಳೆದು ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸಬೇಕು. 800 ಮಿ.ಮೀ. ಉದ್ದದ ಪಟ್ಟಿಯಲ್ಲಿ ವ್ಯತ್ಯಾಸ 0.8 ಇದ್ದರೆ ಫೆನ್ಸಿನ ದೋಷ ಆ ಉದ್ದಕ್ಕೆ 0.2 ಮಿ.ಮೀ. ಕಣ್ಣಿಗೆ ಬೀಳದ ತಪ್ಪು ನಾಲ್ಕು ಪಟ್ಟು ಬೆಳೆದು ಅಳತೆಗೆ ಸಿಗುತ್ತದೆ. ಫೆನ್ಸ್ ತಿರುಗುವ ಬಿಂದುವಿನಿಂದ ಅಷ್ಟೇ ದೂರದಲ್ಲಿ ಅದನ್ನು 0.2 ಮಿ.ಮೀ. ಸರಿಸಿದರೆ ಮುಗಿಯಿತು, ಯಾವ ಕಡೆಗೆ ಎಂಬುದನ್ನು ಪಟ್ಟಿಯ ಅಗಲವಾದ ತುದಿ ಹೇಳುತ್ತದೆ.

ಲ್ಯಾಮಿನೇಟ್ ಹಲಗೆಯ ಕೆಳಮುಖ ಕಿತ್ತುಬರುತ್ತಿದ್ದರೆ ಮೇಜಿನದಲ್ಲ, ಬಹುಶಃ ಸ್ಕೋರಿಂಗ್ ಬ್ಲೇಡಿನ ತಪ್ಪು. ದೊಡ್ಡ ಬ್ಲೇಡಿಗಿಂತ ಮುಂದೆ, ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗಿ ಒಂದೆರಡು ಮಿ.ಮೀ. ಆಳದ ಗೀರು ಹಾಕುವ ಈ ಪುಟ್ಟ ಬ್ಲೇಡ್ ದೊಡ್ಡದರ ಗೆರೆಯಲ್ಲೇ ಇರಬೇಕು.

ಮನೆಗೆ ಕಪಾಟು ಮಾಡಿಸುವವರಿಗೆ ಡಯಲ್ ಗೇಜ್ ಬೇಡ, ಟೇಪು ಸಾಕು. ಪೆಟ್ಟಿಗೆ ಗೋಡೆಗೆ ಏರುವ ಮೊದಲು ಅದರ ಎರಡು ಕರ್ಣಗಳನ್ನು ಅಳೆಯಿರಿ. ಎರಡೂ ಒಂದೇ ಬಂದರೆ ಒಪ್ಪಿಕೊಳ್ಳಿ. ಬಾರದಿದ್ದರೆ ಹಿಂಜ್ ತಿರುಗಿಸಿ ಸರಿಮಾಡುವ ಭರವಸೆಗೆ ಒಪ್ಪಬೇಡಿ.